ಡುರ್ಲಾಖ್‌ನ ಐವತ್ತು ಮಂದಿ

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಟುರ್ಮ್‌ಬೆರ್ಗ್ ಗುಡ್ಡದ ಬುಡದಲ್ಲಿ, ಫಿಂಟ್ಸ್ ಎಂಬ ಸಣ್ಣ ಹೊಳೆಯ ದಂಡೆಗೆ ಡುರ್ಲಾಖ್ ಎಂಬ ಊರಿದೆ. ಒಂದು ಕಾಲಕ್ಕೆ ಅದು ಬಾಡೆನ್-ಡುರ್ಲಾಖ್ ಸಂಸ್ಥಾನದ ರಾಜಧಾನಿ. 1689ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನಿಕರು ಊರಿಗೆ ಬೆಂಕಿ ಇಟ್ಟರು. ಬೆರಳೆಣಿಕೆಯ ಮನೆಗಳಷ್ಟೇ ಉಳಿದವು. ಸುಟ್ಟ ಊರನ್ನು ಜನ ಮತ್ತೆ ಕಟ್ಟಿಕೊಂಡರು. ಆದರೆ 1715ರಲ್ಲಿ ದೊರೆ ಕಾರ್ಲ್ ವಿಲ್‌ಹೆಲ್ಮ್ ಐದು ಕಿಲೋಮೀಟರ್ ಆಚೆ, ಕಾಡಿನ ನಡುವೆ ಹೊಸ ಅರಮನೆಗೆ ಅಡಿಪಾಯ ಹಾಕಿದ. ಅದರ ಸುತ್ತ ಬೆಳೆದದ್ದೇ ಕಾರ್ಲ್ಸ್‌ರೂಹ ನಗರ. ದರ್ಬಾರು, ಕಚೇರಿ, ನಾಟಕಶಾಲೆ ಎಲ್ಲವೂ ಅಲ್ಲಿಗೆ ಹೋದವು. ಡುರ್ಲಾಖ್‌ನಲ್ಲಿ ಉಳಿದವರು ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು, ದ್ರಾಕ್ಷಿ ತೋಟದವರು.

ಬೆಂಕಿಯ ಭಯ ಎಂಥದೆಂದು ಆ ಸೀಮೆಗೆ ಚೆನ್ನಾಗಿ ಗೊತ್ತಿತ್ತು. 1758ರಷ್ಟು ಹಿಂದೆಯೇ ಆ ಸಂಸ್ಥಾನ ಮನೆಗಳಿಗೆ ಅಗ್ನಿವಿಮೆಯ ಏರ್ಪಾಡು ಮಾಡಿತ್ತು. ಮನೆ ಸುಟ್ಟವನಿಗೆ ಮತ್ತೆ ಕಟ್ಟಿಕೊಳ್ಳಲು ಹಣ ಸಿಗುತ್ತಿತ್ತು. ಆದರೆ ಬೆಂಕಿ ಬಿದ್ದ ಹೊತ್ತಿನಲ್ಲಿ ಅದನ್ನು ಆರಿಸುವವರು ಯಾರು ಎಂಬ ಪ್ರಶ್ನೆಗೆ ವಿಮೆಯಲ್ಲಿ ಉತ್ತರ ಇರಲಿಲ್ಲ.

ಆ ಕಾಲದ ಜರ್ಮನ್ ಪಟ್ಟಣಗಳಲ್ಲಿ ಬೆಂಕಿ ಆರಿಸುವುದು ಪ್ರತಿ ಮನೆಯ ಕಡ್ಡಾಯ ಕರ್ತವ್ಯ. ಗೋಪುರದ ಗಂಟೆ ಬಾರಿಸಿದೊಡನೆ ಮನೆಗೊಬ್ಬರು ತೊಗಲಿನ ಬಕೆಟ್ಟು ಹಿಡಿದು ಓಡಬೇಕು. ಹೊಳೆಯಿಂದ ಬೆಂಕಿಯವರೆಗೆ ಎರಡು ಸಾಲು ನಿಂತು, ಒಂದು ಸಾಲಿನಲ್ಲಿ ತುಂಬಿದ ಬಕೆಟ್ಟು ಮುಂದಕ್ಕೆ, ಇನ್ನೊಂದರಲ್ಲಿ ಖಾಲಿಯಾದದ್ದು ಹಿಂದಕ್ಕೆ ಸಾಗಿಸಬೇಕು. ಊರಿನ ಪಂಪ್‌ಗಾಡಿಯನ್ನು ಎಳೆಯಲು ಮೊದಲು ಕುದುರೆ ತಂದವನಿಗೆ ಇನಾಮು, ಬಾರದವನಿಗೆ ದಂಡ. ಕಾಗದದ ಮೇಲೆ ನೋಡಿದರೆ ಅಚ್ಚುಕಟ್ಟಾದ ವ್ಯವಸ್ಥೆ. ಸ್ಥಳದಲ್ಲಿ ಆಗುತ್ತಿದ್ದದ್ದೇ ಬೇರೆ. ನೂರಾರು ಜನ ಸೇರುತ್ತಿದ್ದರು. ಪ್ರತಿಯೊಬ್ಬನೂ ಅಪ್ಪಣೆ ಕೊಡುತ್ತಿದ್ದ, ಕೇಳುವವರು ಇರುತ್ತಿರಲಿಲ್ಲ. ಕೆಲವರು ಸಾಮಾನುಗಳನ್ನು ಕಿಟಕಿಯಿಂದ ಬೀದಿಗೆ ಎಸೆಯುತ್ತಿದ್ದರು, ಕೆಲವರು ಎಸೆದದ್ದನ್ನು ಹೊತ್ತು ಮಾಯವಾಗುತ್ತಿದ್ದರು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿದ್ದ ಪಂಪಿನ ಚರ್ಮದ ವಾಷರು ಒಣಗಿ ಸುಕ್ಕಾಗಿ, ಎಷ್ಟು ಒತ್ತಿದರೂ ನೀರು ಮೇಲೇರುತ್ತಿರಲಿಲ್ಲ. ಜನರಿಗೆ ಮನಸ್ಸಿರಲಿಲ್ಲ ಎಂದಲ್ಲ. ತೇರಿನ ಹಗ್ಗಕ್ಕೆ ಊರೆಲ್ಲ ಕೈ ಹಾಕಿದರೂ ಗಾಲಿಗೆ ಸನ್ನೆ ಕೊಡಲು ಗೊತ್ತಾದ ನಾಲ್ಕು ಜನ ಬೇಕೇ ಬೇಕು. ಆ ನಾಲ್ಕು ಜನ ಅಲ್ಲಿ ಇರಲಿಲ್ಲ.

ಇದನ್ನು ಸರಿಪಡಿಸಲು ಹೊರಟವರು ಇಬ್ಬರು. ಒಬ್ಬ ಡುರ್ಲಾಖ್‌ನ ಪುರಸಭೆಯ ಕಟ್ಟಡ ಮೇಸ್ತ್ರಿ ಕ್ರಿಸ್ಟಿಯಾನ್ ಹೆಂಗ್ಸ್ಟ್. ಯಾವ ಗೋಡೆ ನಿಲ್ಲುತ್ತದೆ, ಯಾವ ತೊಲೆ ಮುರಿಯುತ್ತದೆ, ಯಾವ ಬೀದಿಯಲ್ಲಿ ಮನೆಗಳ ಸೂರು ಒಂದಕ್ಕೊಂದು ತಾಗಿದೆ ಎಂಬುದನ್ನೆಲ್ಲ ಬಲ್ಲ ಮನುಷ್ಯ. ಇನ್ನೊಬ್ಬ ಹೈಡೆಲ್‌ಬರ್ಗಿನ ಯಂತ್ರ ತಯಾರಕ ಕಾರ್ಲ್ ಮೆಟ್ಸ್. 1818ರಲ್ಲಿ ಹುಟ್ಟಿದ ಮೆಟ್ಸ್ 1842ರಲ್ಲಿ ಸ್ವಂತ ಕಾರ್ಖಾನೆ ತೆರೆದು ಬೆಂಕಿ ಆರಿಸುವ ಪಂಪುಗಳನ್ನು ಮಾಡುತ್ತಿದ್ದ. 1846ರಲ್ಲಿ ಡುರ್ಲಾಖ್ ಅವನಿಂದ ಹೊಸ ಪಂಪನ್ನು ತರಿಸಿಕೊಂಡಿತು.

ಆ ಪಂಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಲ್ಕು ಗಾಲಿಯ ಬಂಡಿ. ಅದರ ಮೇಲೆ ನೆಟ್ಟಗೆ ನಿಂತ ಎರಡು ಸಿಲಿಂಡರು, ಒಂದೊಂದರಲ್ಲೂ ಒಂದು ಪಿಸ್ಟನ್. ಎರಡನ್ನೂ ಸೇರಿಸಿ ಅಡ್ಡಲಾಗಿ ಉದ್ದನೆಯ ಸನ್ನೆ. ಸನ್ನೆಯ ಎರಡು ತುದಿಗೂ ಜನ ನಿಲ್ಲುತ್ತಾರೆ. ಈ ಕಡೆಯವರು ಒತ್ತಿದಾಗ ಆ ಕಡೆಯದು ಮೇಲೇಳುತ್ತದೆ, ಆ ಕಡೆಯವರು ಒತ್ತಿದಾಗ ಈ ಕಡೆಯದು. ಒಂದು ಪಿಸ್ಟನ್ ನೀರನ್ನು ಎಳೆದುಕೊಳ್ಳುವಾಗ ಇನ್ನೊಂದು ತಳ್ಳುತ್ತಿರುತ್ತದೆ. ಎರಡರ ನೀರೂ ಹೋಗಿ ಸೇರುವುದು ನಡುವೆ ಇರುವ ತಾಮ್ರದ ಗಾಳಿಗಡಿಗೆಗೆ. ಅದರೊಳಗೆ ಸಿಕ್ಕಿಬಿದ್ದ ಗಾಳಿ ಒತ್ತಡಕ್ಕೆ ಕುಗ್ಗಿ, ಮತ್ತೆ ಹಿಗ್ಗಿ, ತುಂಡು ತುಂಡಾಗಿ ಬರಬೇಕಾದ ನೀರನ್ನು ಒಂದೇ ಧಾರೆಯಾಗಿ ಹೊರಗೆ ನೂಕುತ್ತದೆ. ಹೊಳೆಯಿಂದ ನೀರನ್ನು ತಾನೇ ಹೀರಿಕೊಳ್ಳುವ ಕೊಳವೆ ಇದ್ದರೆ ಬಕೆಟ್ಟಿನ ಸಾಲೂ ಬೇಕಾಗುವುದಿಲ್ಲ. ಆದರೆ ಇಷ್ಟೂ ನಡೆಯಬೇಕಾದರೆ ಸನ್ನೆಯ ಎರಡೂ ಕಡೆಯವರ ಕೈ ಒಂದೇ ತಾಳಕ್ಕೆ ಬೀಳಬೇಕು. ಕೆಲವೇ ನಿಮಿಷದಲ್ಲಿ ತೋಳು ಸೋಲುತ್ತವೆ. ಆಗ ಧಾರೆ ಕಡಿಯದಂತೆ ಹೊಸಬರು ಕೈ ಕೊಡಬೇಕು. ಕೊಳವೆಯ ತುದಿ ಹಿಡಿದವನು ಜ್ವಾಲೆಗಲ್ಲ, ಜ್ವಾಲೆಯ ಬುಡಕ್ಕೆ ನೀರು ಬಿಡಬೇಕು. ಅದಕ್ಕೆ ಅವನು ಮನೆಯ ಒಳಗೆ ಹೋಗಬೇಕು. ಒಳಗೆ ಹೋದವನಿಗೆ ಹೊರಗಿರುವವರು ಪಂಪು ನಿಲ್ಲಿಸುವುದಿಲ್ಲ ಎಂಬ ನಂಬಿಕೆ ಇರಬೇಕು.

ಮೆಟ್ಸ್‌ನ ದೊಡ್ಡತನ ನನಗೆ ಕಾಣುವುದು ಪಂಪಿನಲ್ಲಿ ಅಲ್ಲ. ಒಳ್ಳೆಯ ಪಂಪುಗಳನ್ನು ಬೇರೆಯವರೂ ಮಾಡುತ್ತಿದ್ದರು. ಯಂತ್ರ ಮಾರಿ ಹಣ ಎಣಿಸಿಕೊಂಡು ಕುಳಿತರೆ ಅವನ ವ್ಯಾಪಾರಕ್ಕೆ ಕೊರತೆ ಏನೂ ಇರಲಿಲ್ಲ. ಆದರೆ ಪಳಗಿದ ತಂಡವಿಲ್ಲದ ಊರಿಗೆ ಪಂಪು ಕೊಟ್ಟರೆ ಪ್ರಯೋಜನವಿಲ್ಲ ಎಂದು ಅವನು ಊರೂರು ತಿರುಗಿ ಹೇಳಿದ. ಸ್ವಂತ ಇಚ್ಛೆಯಿಂದ ಬಂದ ಗಟ್ಟಿಮುಟ್ಟಾದ ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಒಂದು ಜಾಗ ಗೊತ್ತುಮಾಡಿ, ಬೆಂಕಿ ಇಲ್ಲದ ದಿನಗಳಲ್ಲಿ ಅಭ್ಯಾಸ ಮಾಡಿಸಬೇಕು ಎಂಬುದು ಅವನ ಪಟ್ಟು. ಬೆಂಕಿ ಬಿದ್ದಾಗ ಬಾವಿ ತೋಡುವ ಚಾಳಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ.

1846ರ ಜುಲೈಯಲ್ಲಿ ಹೆಂಗ್ಸ್ಟ್ ಐವತ್ತು ಜನರ ದಳ ಕಟ್ಟಿದ. ಫ್ರಾನ್ಸಿನ ಅಗ್ನಿಶಾಮಕರ ಮಾದರಿ ಕಣ್ಣ ಮುಂದಿದ್ದರಿಂದ ಅದನ್ನು ಪೊಂಪಿಯೇ ದಳ ಎಂದು ಕರೆದರು. ಸಂಬಳವಿಲ್ಲ, ಕಡ್ಡಾಯವೂ ಇಲ್ಲ. ಇಂಥ ದಳಗಳಲ್ಲಿ ಕೆಲಸ ಹಂಚಿಕೆ ಸ್ಪಷ್ಟ. ಒಂದು ಗುಂಪು ಪಂಪಿಗೆ. ಇನ್ನೊಂದು ಗುಂಪು ಏಣಿಗೆ: ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿ, ಹಗ್ಗ ಕೊಡಲಿ ಹಿಡಿದು ಮಹಡಿ ಹತ್ತುವವರು, ಸಿಕ್ಕಿಬಿದ್ದವರನ್ನು ಇಳಿಸುವವರು. ಮೂರನೆಯ ಗುಂಪು ಕಾವಲಿಗೆ: ಹೊರಗೆ ತಂದ ಸಾಮಾನು ಕಾಯುವುದು, ನೋಡಲು ಬಂದ ಜನ ಒಳನುಗ್ಗದಂತೆ ತಡೆಯುವುದು. ಮೇಲೆ ಒಬ್ಬನೇ ನಾಯಕ, ಅವನ ಮಾತೇ ಕೊನೆ. ಆ ನಾಯಕನನ್ನು ಸದಸ್ಯರೇ ಆರಿಸುವ ರೂಢಿ ಈ ದಳಗಳಲ್ಲಿ ಬೆಳೆಯಿತು. ರಾಜ ನೇಮಿಸಿದ ಅಧಿಕಾರಿಯೇ ಎಲ್ಲವನ್ನೂ ನಡೆಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಏಳು ತಿಂಗಳು ಕಳೆದಿತ್ತು. 1847ರ ಫೆಬ್ರುವರಿ 28, ಭಾನುವಾರ. ಕಾರ್ಲ್ಸ್‌ರೂಹದ ಅರಮನೆಯ ಪಕ್ಕದ ನಾಟಕಶಾಲೆ ಜನರಿಂದ ತುಂಬುತ್ತಿತ್ತು. ವಾಸ್ತುಶಿಲ್ಪಿ ಫ್ರೀಡ್‌ರಿಖ್ ವೈನ್‌ಬ್ರೆನರ್ ಆ ಶತಮಾನದ ಆರಂಭದಲ್ಲಿ ಕಟ್ಟಿದ್ದ ಭವ್ಯ ಕಟ್ಟಡ, ಒಳಗೆಲ್ಲ ಮರದ ಕೆಲಸ. ಅಂದು ಜನರಂಜನೆಯ ನಾಟಕ ಇದ್ದುದರಿಂದ ಕಡಿಮೆ ದರದ ಮೇಲಿನ ಗ್ಯಾಲರಿಯಲ್ಲೂ ಜನ ಸೇರಿದ್ದರು. ಆಟ ಶುರುವಾಗುವ ಮುಂಚೆ ದೊರೆಯ ಖಾಸಾ ಆಸನಗಳ ಭಾಗದಲ್ಲಿ ಗ್ಯಾಸ್ ದೀಪದ ಉರಿ ಬಟ್ಟೆಯ ಅಲಂಕಾರಕ್ಕೆ ತಗುಲಿತು. ಬಟ್ಟೆಯಿಂದ ಮರಕ್ಕೆ, ಮರದಿಂದ ಚಾವಣಿಗೆ. ಹೊಗೆ ಮೇಲೇರಿ ಮೊದಲು ಮುತ್ತಿದ್ದು ಗ್ಯಾಲರಿಯನ್ನು. ಹೊರಹೋಗುವ ಬಾಗಿಲುಗಳಲ್ಲಿ ಕೆಲವು ಮುಚ್ಚಿದ್ದವು. ಕತ್ತಲಲ್ಲಿ ಇಕ್ಕಟ್ಟಾದ ಮೆಟ್ಟಿಲುಗಳ ಮೇಲೆ ಜನ ಒಬ್ಬರ ಮೇಲೊಬ್ಬರು ಬಿದ್ದರು. 60ಕ್ಕೂ ಹೆಚ್ಚು ಜನ ಸತ್ತರು.

ಇದನ್ನು ಬರೆಯುವಾಗ 1997ರ ಜೂನ್ 13 ನೆನಪಾಗದೆ ಇರದು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಅಂದು 59 ಜನ ಸತ್ತರು. ಅಲ್ಲಿಯೂ ಹೊಗೆ ಮುತ್ತಿದ್ದು ಬಾಲ್ಕನಿಯನ್ನು, ಅಲ್ಲಿಯೂ ಬಾಗಿಲು ಮುಚ್ಚಿತ್ತು, ಅಲ್ಲಿ ದಾರಿಗೆ ಅಡ್ಡವಾಗಿ ಹೆಚ್ಚುವರಿ ಕುರ್ಚಿಗಳನ್ನೂ ಹಾಕಿದ್ದರು. ನಡುವೆ ನೂರೈವತ್ತು ವರ್ಷ ಕಳೆದಿತ್ತು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನರನ್ನು ಕಳೆದುಕೊಂಡ ನಾವು ಆ ಸಾಲಿಗೆ ಹೊರಗಿನವರಲ್ಲ.

ಆ ಭಾನುವಾರ ಸುದ್ದಿ ಡುರ್ಲಾಖ್‌ಗೆ ಮುಟ್ಟಿತು. ಪಾಪ್ಲರ್ ಮರಗಳ ಸಾಲಿನ ನಡುವಿನ ನೇರ ರಸ್ತೆಯಲ್ಲಿ ದಳ ತನ್ನ ಮೆಟ್ಸ್ ಪಂಪಿನೊಂದಿಗೆ ಹೊರಟಿತು. ನಾಟಕಶಾಲೆಯನ್ನು ಉಳಿಸುವ ಹೊತ್ತು ಆಗಲೇ ಮೀರಿತ್ತು. ಅಕ್ಕಪಕ್ಕದ ಕಟ್ಟಡಗಳಿಗೆ ಬೆಂಕಿ ಹಬ್ಬದಂತೆ ತಡೆಯುವುದು ಅವರ ಪಾಲಿಗೆ ಬಂದ ಕೆಲಸ. ಅದನ್ನು ಅವರು ಮಾಡಿದರು. ರಾಜಧಾನಿಯ ಬಳಿಯೂ ಪಂಪುಗಳಿದ್ದವು, ಜನರಿಗಂತೂ ಬರವಿರಲಿಲ್ಲ. ಆದರೆ ಗದ್ದಲದ ನಡುವೆ ಪಕ್ಕದ ಸಣ್ಣ ಊರಿನಿಂದ ಬಂದ ಬಡಗಿಗಳು, ಕಮ್ಮಾರರು, ಅಂಗಡಿಯವರು ಒಬ್ಬನ ಅಪ್ಪಣೆಗೆ ಒಂದೇ ಕೈಯಾಗಿ ದುಡಿದದ್ದನ್ನು ನಗರ ಕಣ್ಣಾರೆ ಕಂಡಿತು. ಕೆಲವೇ ದಿನಗಳಲ್ಲಿ ಕಾರ್ಲ್ಸ್‌ರೂಹ ತನ್ನದೇ ಸ್ವಯಂಸೇವಕ ದಳ ಕಟ್ಟಲು ಹೊರಟಿತು. ಅದಕ್ಕೆ ಮುಂದೆ ಬಂದವರಲ್ಲಿ ಹೆಚ್ಚಿನವರು ವ್ಯಾಯಾಮ ಸಂಘದ ಹುಡುಗರು. ಹಗ್ಗ ಹತ್ತಿ, ಕಂಬ ಏರಿ, ಸಾಲಿನಲ್ಲಿ ನಿಂತು ಅಭ್ಯಾಸವಿದ್ದ ಮೈಗಳು ಏಣಿಗೆ ಬೇಗ ಒಗ್ಗಿಕೊಂಡವು.

ಡುರ್ಲಾಖ್‌ನದೇ ಜರ್ಮನಿಯ ಮೊದಲ ಸ್ವಯಂಸೇವಕ ಅಗ್ನಿಶಾಮಕ ದಳವೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಸ್ಯಾಕ್ಸನಿಯ ಮೈಸೆನ್ ಪಟ್ಟಣದವರು 1841ರಲ್ಲೇ ದಳ ಕಟ್ಟಿದ್ದರು. ಈ ಪೈಪೋಟಿ ಆಯಾ ಊರಿನವರ ಅಭಿಮಾನಕ್ಕೆ ಬಿಟ್ಟದ್ದು. ಸಂಸ್ಥೆಯ ಇತಿಹಾಸ ಬರೆಯುವವರಿಗೆ ಮುಖ್ಯವಾದದ್ದು ಬೇರೆ: ಬೇರೆಯವರು ನೋಡಿ ತಮ್ಮೂರಿನಲ್ಲೂ ಹಾಗೇ ಮಾಡಬಹುದಾದ ಒಂದು ಅಚ್ಚನ್ನು ಡುರ್ಲಾಖ್ ಒದಗಿಸಿತು, ಮತ್ತು ಅದು ಕೆಲಸಕ್ಕೆ ಬರುತ್ತದೆ ಎಂದು ಒಂದು ಭೀಕರ ರಾತ್ರಿ ತೋರಿಸಿಕೊಟ್ಟಿತು.

1848ರಲ್ಲಿ ಮೆಟ್ಸ್ ಒಂದು ಪುಸ್ತಿಕೆ ಪ್ರಕಟಿಸಿದ. ಅಗ್ನಿಶಾಮಕ ದಳ ನಾಗರಿಕ ರಕ್ಷಣಾ ಪಡೆಯ ಅಗತ್ಯ ಅಂಗವಾಗಬೇಕು ಎಂಬುದು ಅದರ ವಾದ. ಅದು ಯುರೋಪಿನಲ್ಲಿ ಕ್ರಾಂತಿಯ ವರ್ಷ. ಬಾಡೆನ್‌ನಲ್ಲಿ ಜನ ದೊರೆಯ ವಿರುದ್ಧವೇ ಎದ್ದರು. 1849ರ ಜೂನ್ 25ರಂದು ಪ್ರಷ್ಯದ ಸೈನ್ಯ ಡುರ್ಲಾಖ್‌ನ ಅಂಚಿನಲ್ಲಿ ಕ್ರಾಂತಿಕಾರರೊಡನೆ ಕಾದಾಡಿ ಮುಂದೆ ಸಾಗಿತು. ದಂಗೆ ಅಡಗಿದ ಮೇಲೆ ಜನ ತಾವಾಗಿ ಸೇರುವ ಯಾವ ಸಂಘವನ್ನು ಕಂಡರೂ ಸರ್ಕಾರಕ್ಕೆ ಗುಮಾನಿ. ವ್ಯಾಯಾಮ ಸಂಘಗಳಿಗೆ ನಿಷೇಧ ಬಿತ್ತು, ಕೆಲವು ಕಡೆ ಅಗ್ನಿಶಾಮಕ ದಳಗಳೂ ಮುಚ್ಚಿದವು. ಆದರೂ ಬೆಂಕಿಗೆ ರಾಜಕೀಯ ತಿಳಿಯದಲ್ಲ! ದಳಗಳು ಮತ್ತೆ ತಲೆಯೆತ್ತಿದವು. 1853ರ ಜುಲೈಯಲ್ಲಿ ಉಲ್ಮ್ ನಗರದ ದಳಪತಿ ಕೊನ್ರಾಡ್ ಡೀಟ್ರಿಖ್ ಮಾಗಿರುಸ್ ಹತ್ತು ಊರಿನ ದಳಗಳನ್ನು ಪ್ಲೋಖಿಂಗೆನ್ ಎಂಬಲ್ಲಿ ಸೇರಿಸಿದ. ಜರ್ಮನಿಯ ಅಗ್ನಿಶಾಮಕರ ಒಕ್ಕೂಟಕ್ಕೆ ಅದೇ ಬುನಾದಿ. ಅವನು ಮುಂದೆ ಸ್ಥಾಪಿಸಿದ ಕಂಪನಿಯ ಏಣಿಗಳಿಂದಾಗಿ ಮಾಗಿರುಸ್ ಎಂಬ ಹೆಸರು ಲೋಕದ ಅಗ್ನಿಶಾಮಕ ಠಾಣೆಗಳಿಗೆ ಪರಿಚಿತ.

ಸ್ಮರಣ ಸಂಚಿಕೆಗಳಲ್ಲಿ ಹೆಮ್ಮೆಯ ಪುಟಗಳನ್ನಷ್ಟೇ ಬರೆದು ಮುಗಿಸುವ ರೂಢಿ ಇದೆ. ಈ ಕಥೆಗೆ ಅದು ಸಲ್ಲದು. 1938ರ ಏಪ್ರಿಲ್ 1ರಂದು ಡುರ್ಲಾಖ್ ಸ್ವತಂತ್ರ ಪಟ್ಟಣವಾಗಿ ಉಳಿಯದೆ ಕಾರ್ಲ್ಸ್‌ರೂಹಕ್ಕೆ ಸೇರಿತು. ಅದೇ ವರ್ಷದ ನವೆಂಬರ್ 9ರ ರಾತ್ರಿ ನಾಜಿಗಳು ಜರ್ಮನಿಯ ಉದ್ದಗಲಕ್ಕೂ ಯಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದರು. ಊರೂರ ದಳಗಳು ಪಂಪು, ಕೊಳವೆ, ಏಣಿಯೊಂದಿಗೆ ಅಲ್ಲೇ ಇದ್ದವು. ಪಕ್ಕದ ಮನೆಗಳಿಗೆ ನೀರು ಹಾಕಿ, ಮಂದಿರಗಳನ್ನು ಉರಿಯಲು ಬಿಟ್ಟವು. ಹಾಗೆ ಅಪ್ಪಣೆಯಾಗಿತ್ತು. ಎರಡು ವಾರದ ನಂತರ ಬಂದ ಕಾನೂನು ಸ್ವಯಂಸೇವಕ ದಳಗಳನ್ನು ಪೊಲೀಸರ ಸಹಾಯಕ ಪಡೆಯಾಗಿ ಮಾಡಿತು. ನಾಯಕನನ್ನು ತಾವೇ ಆರಿಸುವ ಹಕ್ಕು ಹೋಯಿತು. ಒಬ್ಬನ ಮಾತಿಗೆ ಒಂದೇ ಕೈಯಾಗಿ ದುಡಿಯುವುದನ್ನು ಹೊಗಳಿ ಬರೆದ ನಾನು ಇದನ್ನೂ ಬರೆಯಲೇಬೇಕು. ಶಿಸ್ತು ಆ ರಾತ್ರಿಯೂ ಇತ್ತು. ಯಾರ ಮನೆ ಉರಿದರೂ ಆರಿಸುತ್ತೇವೆ ಎಂಬ ಮೂಲದ ಮಾತು ಇರಲಿಲ್ಲ. ಆ ಮಾತು ಹೋದರೆ ದಳದಲ್ಲಿ ಉಳಿಯುವುದು ಬರೀ ಸಮವಸ್ತ್ರ.

ಯುದ್ಧದ ನಂತರ ದಳಗಳು ಮತ್ತೆ ಊರುಗಳ ಕೈಗೆ ಬಂದವು. ಇಂದು ಜರ್ಮನಿಯಲ್ಲಿ ಸುಮಾರು ಹತ್ತು ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದಾರೆ. ಸಂಬಳದ ಪೂರ್ಣಾವಧಿ ನಗರ ದಳಗಳು ನೂರರ ಆಸುಪಾಸು, ಅದೂ ದೊಡ್ಡ ನಗರಗಳಲ್ಲಿ. ಕಾರ್ಲ್ಸ್‌ರೂಹಕ್ಕೆ ಅಂಥ ದಳ ಇದ್ದರೂ ಡುರ್ಲಾಖ್‌ನ ಸ್ವಯಂಸೇವಕ ದಳ ಅದರ ಜೊತೆಗೇ ಇಂದಿಗೂ ಕೆಲಸ ಮಾಡುತ್ತಿದೆ. ಸಣ್ಣ ಊರುಗಳಲ್ಲಂತೂ ಇರುವುದು ಸ್ವಯಂಸೇವಕರು ಮಾತ್ರ. 112ಕ್ಕೆ ಕರೆ ಹೋದರೆ (ಇದೇ ಸಂಖ್ಯೆ ಈಗ ಕರ್ನಾಟಕದಲ್ಲೂ ಚಾಲ್ತಿಯಲ್ಲಿದೆ) ಬೇಕರಿಯವನ, ಶಿಕ್ಷಕಿಯ, ಎಲೆಕ್ಟ್ರಿಷಿಯನ್‌ನ ಸೊಂಟದ ಪೇಜರ್ ಕೂಗುತ್ತದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಅವರು ಠಾಣೆಗೆ ಓಡುತ್ತಾರೆ. ಮಾಲೀಕ ಬೇಡವೆನ್ನುವಂತಿಲ್ಲ, ಆ ಹೊತ್ತಿನ ಕೂಲಿಯನ್ನು ಪುರಸಭೆ ಅವನಿಗೆ ತುಂಬಿಕೊಡುತ್ತದೆ. ಹತ್ತರಲ್ಲಿ ಒಬ್ಬರು ಮಹಿಳೆಯರು. ಇದು ಇನ್ನೂ ಕಡಿಮೆಯೇ.

ಡುರ್ಲಾಖ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 17 ತುಂಬಿದವರು ದಳಕ್ಕೆ ಸೇರಬಹುದು, 65ಕ್ಕೆ ನಿವೃತ್ತಿ. ಮೊದಲ ಹಂತದ ತರಬೇತಿಯೇ ಸುಮಾರು 70 ಗಂಟೆ, ಅದೂ ಸಂಜೆ ಮತ್ತು ರಜಾ ದಿನಗಳಲ್ಲಿ. ಉಸಿರಾಟದ ಸಿಲಿಂಡರು ಹೊತ್ತು ಹೊಗೆಯೊಳಗೆ ಹೋಗುವವರಿಗೆ ಬೇರೆ ತರಬೇತಿ, ಬೇರೆ ವೈದ್ಯಕೀಯ ಪರೀಕ್ಷೆ. ದಳಪತಿಯನ್ನು ಐದು ವರ್ಷಕ್ಕೊಮ್ಮೆ ಸದಸ್ಯರೇ ಗುಪ್ತ ಮತದಾನದಿಂದ ಆರಿಸುತ್ತಾರೆ, ಊರ ಸಭೆ ಒಪ್ಪಿಗೆ ಕೊಡುತ್ತದೆ. ಎಚ್ಚರಿಕೆ ಕೂಗಿದ ಹತ್ತು ನಿಮಿಷದೊಳಗೆ ಒಂಬತ್ತು ಜನರ ಮೊದಲ ತಂಡ ಸ್ಥಳದಲ್ಲಿರಬೇಕು, ಇನ್ನೈದು ನಿಮಿಷಕ್ಕೆ ಎರಡನೆಯದು ಎಂಬುದು ಅಲ್ಲಿನ ಅಳತೆಗೋಲು. ಒಂಬತ್ತು ಎಂಬ ಸಂಖ್ಯೆಗೂ ಲೆಕ್ಕ ಇದೆ. ಒಬ್ಬ ನಾಯಕ, ಒಬ್ಬ ಪಂಪ್ ಚಾಲಕ, ಒಬ್ಬ ಸಂದೇಶವಾಹಕ, ಉಳಿದ ಆರು ಜನ ಎರಡೆರಡರ ಮೂರು ಜೋಡಿ: ಬೆಂಕಿಗೆ ಒಂದು, ನೀರಿಗೆ ಒಂದು, ಕೊಳವೆಗೆ ಒಂದು. ಲಾರಿ ನಿಲ್ಲುವ ಮುಂಚೆಯೇ ಯಾರು ಏನು ಮಾಡಬೇಕೆಂದು ತೀರ್ಮಾನವಾಗಿರುತ್ತದೆ.

ನಮ್ಮ ಕಡೆ ಈ ಮಾತುಗಳನ್ನು ಹೇಳಲು ಕಾರಣವಿದೆ. ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆ ಸರ್ಕಾರದ ಇಲಾಖೆ. ಅಲ್ಲಿನ ಸಿಬ್ಬಂದಿಯ ಧೈರ್ಯ ಮತ್ತು ದುಡಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಠಾಣೆ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಸುಗ್ಗಿಯ ಕಾಲದಲ್ಲಿ ಗಡಿಯಂಚಿನ ಹಳ್ಳಿಯ ಬಣವೆಗೆ ಬೆಂಕಿ ಬಿದ್ದರೆ ಗಾಡಿ ಬರುವಷ್ಟರಲ್ಲಿ ಬಣವೆ ಮಾತ್ರವಲ್ಲ, ಪಕ್ಕದ ಕೊಟ್ಟಿಗೆಯೂ ಹೋಗಿರುತ್ತದೆ. ಜನ ಸುಮ್ಮನೆ ನಿಂತು ನೋಡುವುದಿಲ್ಲ. ಕೊಡ ಹಿಡಿದು ಓಡುತ್ತಾರೆ, ದನಗಳ ಹಗ್ಗ ಕೊಯ್ಯುತ್ತಾರೆ, ಕರೆಂಟು ತೆಗೆಸಲು ಲೈನ್‌ಮನ್‌ಗೆ ಫೋನು ಮಾಡುತ್ತಾರೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಲೂ ಮೈಸೂರು, ಬೆಂಗಳೂರುಗಳಿಂದ ಯುವಕ ಯುವತಿಯರು ಕೆಲಸ ಬಿಟ್ಟು ಬಂದರು. ಅರಣ್ಯ ಸಿಬ್ಬಂದಿಯ ಜೊತೆ ಸೇರಿ ಹಸಿ ಸೊಪ್ಪಿನ ಕೊಂಬೆಗಳಿಂದ ಉರಿಯನ್ನು ಬಡಿದರು. 1846ಕ್ಕೆ ಮುಂಚಿನ ಡುರ್ಲಾಖ್‌ನಲ್ಲಿ ಇದ್ದಷ್ಟೇ, ಅಥವಾ ಅದಕ್ಕಿಂತ ಹೆಚ್ಚಿನ ಮನಸ್ಸು ನಮ್ಮ ಜನರಲ್ಲಿದೆ. ಇಲ್ಲದಿರುವುದು ಗೊತ್ತುಪಡಿಸಿದ ಜಾಗ ಮತ್ತು ಮುಂಚಿನ ಅಭ್ಯಾಸ.

ಹೊಸ ಇಲಾಖೆ, ದೊಡ್ಡ ಗಾಡಿ ಕೇಳುತ್ತಿಲ್ಲ. ಈಗ ಬಹಳ ಹಳ್ಳಿಗಳಲ್ಲಿ ಟ್ರ್ಯಾಕ್ಟರಿದೆ, ನೀರಿನ ಟ್ಯಾಂಕರಿದೆ, ತೋಟಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇದೆ, ಕೊಳವೆಬಾವಿ ಇದೆ. ಟ್ಯಾಂಕರಿನ ಕೀಲಿ ಯಾರ ಮನೆಯಲ್ಲಿರುತ್ತದೆ, ಕೊಳವೆಯ ಬಾಯಿ ಯಾವ ಕೊಳವೆಬಾವಿಗೆ ಹೊಂದುತ್ತದೆ, ರಾತ್ರಿ ಹೊತ್ತು ಟ್ರಾನ್ಸ್‌ಫಾರ್ಮರಿನ ಲೈನು ತೆಗೆಸಲು ಯಾರಿಗೆ ಹೇಳಬೇಕು, ನಡೆಯಲಾಗದ ಮುದುಕರು ಯಾವ ಯಾವ ಮನೆಯಲ್ಲಿದ್ದಾರೆ ಎಂದು ತಿಳಿದ ಒಂಬತ್ತು ಜನ ಪ್ರತಿ ಪಂಚಾಯಿತಿಯಲ್ಲೂ ಸಿಗುತ್ತಾರೆ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಇಲಾಖೆಯವರು ಶಾಲೆ ಕಾಲೇಜುಗಳಲ್ಲಿ ಅಣಕು ಪ್ರದರ್ಶನ ಮಾಡಿ ತೋರಿಸುತ್ತಾರೆ. ಅದನ್ನು ಒಕ್ಕಣೆ ಶುರುವಾಗುವ ಮುಂಚೆ, ಕಣದ ಬಳಿಯೇ, ಆ ಒಂಬತ್ತು ಜನರ ಕೈಯಲ್ಲಿ ಕೊಳವೆ ಕೊಟ್ಟು ಮಾಡಿಸಬಹುದು. ವರ್ಷಕ್ಕೊಮ್ಮೆ ಸಾಲದು, ತಿಂಗಳಿಗೊಂದು ಸಂಜೆ ಬೇಕು. ಆ ಸಂಜೆಯ ಹಾಜರಿ ಪುಸ್ತಕವನ್ನು ಪಂಚಾಯಿತಿ ಕಚೇರಿಯಲ್ಲೇ ಇಡಬಹುದು.